ಕಾಲೇಜು ಕೊಟ್ಟ ಇಮೇಲ್ ಐಡಿಯಲ್ಲಿ ಏನಿಡಬೇಕು, ಏನಿಡಬಾರದು

ಕಾಲೇಜು ಸೇರಿದ ಮೊದಲ ಕೆಲವು ವಾರಗಳಲ್ಲಿ ಒಂದು ಚೀಟಿ ಕೈಗೆ ಬರುತ್ತದೆ. ಅದರಲ್ಲಿ ನಿಮ್ಮ ಹೆಸರೋ ಯುಎಸ್‌ಎನ್ನೋ (ಯೂನಿವರ್ಸಿಟಿ ಕೊಡುವ ವಿದ್ಯಾರ್ಥಿ ಸಂಖ್ಯೆ) ಇರುತ್ತದೆ. ಆಮೇಲೆ @ ಗುರುತು, ಕಾಲೇಜಿನ ಹೆಸರು, ಕೊನೆಗೆ ಎಸಿ ಡಾಟ್ ಇನ್ ಅಥವಾ ಇಡಿಯು ಡಾಟ್ ಇನ್. ಕೆಳಗೊಂದು ಪಾಸ್‌ವರ್ಡ್. ಎಲ್ಲರೂ ಅವತ್ತು ಲ್ಯಾಬಿನಲ್ಲಿ ಕೂತು ಒಂದು ಸಲ ಲಾಗಿನ್ ಆಗುತ್ತಾರೆ, ಪಾಸ್‌ವರ್ಡ್ ಬದಲಾಯಿಸುತ್ತಾರೆ, ಮರೆಯುತ್ತಾರೆ.

ನಾನು ಕೆಲವು ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಅಕೌಂಟುಗಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೆ. ಸಿಸ್ಟಮ್ ರೂಮಿನ ಬಾಗಿಲಲ್ಲಿ ನಿಂತು 'ಸರ್, ಪಾಸ್‌ವರ್ಡ್ ಮರ್ತೋಯ್ತು' ಅಂತ ಹೇಳಿದ ಹುಡುಗ ಹುಡುಗಿಯರ ಲೆಕ್ಕ ಇಟ್ಟಿಲ್ಲ. ಒಬ್ಬ ಬಂದಿದ್ದ, ಫೈನಲ್ ಇಯರ್. ಕಂಪನಿಯವರು ಆಫರ್ ಲೆಟರ್ ಕಳಿಸಿದ್ದೇವೆ ಅಂತಾರೆ, ನನಗೆ ಬಂದೇ ಇಲ್ಲ ಸರ್ ಅಂದ. ಯಾವ ಮೇಲ್ ಯಾವಾಗ ಬಂತು ಅಂತ ದಾಖಲಾಗುವ ಲಾಗ್ ತೆಗೆದು ಅವನ ಐಡಿ ಹಾಕಿದೆ. ಮೇಲ್ ಬಂದು 11 ದಿನ ಆಗಿತ್ತು. ಸ್ಪ್ಯಾಮ್‌ಗೂ ಹೋಗಿರಲಿಲ್ಲ, ನೇರವಾಗಿ ಇನ್‌ಬಾಕ್ಸಿಗೇ ಬಂದಿತ್ತು. ಉತ್ತರ ಕೊಡಲು ಕೊಟ್ಟಿದ್ದ ಗಡುವು ಹಿಂದಿನ ದಿನ ಮುಗಿದಿತ್ತು. ಆ ಹುಡುಗ ಆ ಮೇಲ್ ತೆರೆಯುವ ಅಭ್ಯಾಸವನ್ನೇ ಇಟ್ಟುಕೊಂಡಿರಲಿಲ್ಲ, ಅಷ್ಟೇ. ಅವತ್ತೇ ಫೋನ್ ಮಾಡಿ ಕೇಳಿಕೊಂಡಿದ್ದಕ್ಕೆ ಅವರು ಒಪ್ಪಿದರು, ಬಚಾವಾದ.

ಇದಕ್ಕೆ ಪೂರಾ ಉಲ್ಟಾ ಜಾತಿಯವರೂ ಇರುತ್ತಾರೆ. ಎಲ್ಲವನ್ನೂ ಇದರಲ್ಲೇ ಇಡುವವರು. ಮನೆಯವರ ಫೋಟೋ, ಬ್ಯಾಂಕಿನ ಒಟಿಪಿ, ಗೇಟ್ ಪರೀಕ್ಷೆಯ ಅರ್ಜಿ, ಎಲ್ಲ. ಇವರು ಕೋರ್ಸು ಮುಗಿದ ವರ್ಷ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂ ತೊಂದರೆಗೆ ಕಾರಣ ಒಂದೇ: ಈ ಐಡಿ ಏನು, ಯಾರದ್ದು ಅಂತ ಯಾರೂ ಸರಿಯಾಗಿ ಹೇಳಿಕೊಟ್ಟಿರುವುದಿಲ್ಲ.

@ ಆದಮೇಲೆ ಬರುವ ಹೆಸರು

ಮೊದಲು ಆ ಎಸಿ ಡಾಟ್ ಇನ್ ವಿಷಯ. ಡಾಟ್ ಕಾಮ್ ಹೆಸರನ್ನು ನೀವೂ ನಾನೂ ದುಡ್ಡು ಕೊಟ್ಟು ತಗೋಬಹುದು. ಎಸಿ ಡಾಟ್ ಇನ್ ಹಾಗಲ್ಲ. ಎಸಿ ಡಾಟ್ ಇನ್, ಇಡಿಯು ಡಾಟ್ ಇನ್, ಆರ್‌ಇಎಸ್ ಡಾಟ್ ಇನ್, ಈ ಮೂರನ್ನೂ ಕೊಡುವುದು ಅರ್ನೆಟ್ ಇಂಡಿಯಾ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ. ಕಾಲೇಜು ನಿಜವಾಗಿಯೂ ಕಾಲೇಜು ಅಂತ ಕಾಗದ ತೋರಿಸಬೇಕು, ಆಗ ಕೊಡುತ್ತಾರೆ. ಅದಕ್ಕೇ ಜಗತ್ತಿನ ಎಷ್ಟೋ ಕಂಪನಿಗಳು ಈ ಬಾಲ ನೋಡಿದ ಕೂಡಲೇ ಇವರು ವಿದ್ಯಾರ್ಥಿ ಅಂತ ನಂಬುತ್ತವೆ. ಈ ನಂಬಿಕೆ ಹೊಸದೇನಲ್ಲ. 2004ರಲ್ಲಿ ಫೇಸ್‌ಬುಕ್ ಶುರುವಾದಾಗ ಹಾರ್ವರ್ಡ್ ಮೇಲ್ ಐಡಿ ಇದ್ದವರಿಗೆ ಮಾತ್ರ ಒಳಗೆ ಪ್ರವೇಶ ಇತ್ತು.

ಕಾಲೇಜಿನ ಹೆಸರಿನ ಮೇಲ್ ಅಂದರೆ ಕಾಲೇಜಿನ ಯಾವುದೋ ರೂಮಿನಲ್ಲಿ ಒಂದು ಸರ್ವರ್ ಗುಂಯ್ ಅಂತಿದೆ, ಅದರಲ್ಲಿ ನಿಮ್ಮ ಮೇಲ್‌ಗಳಿವೆ ಅಂದುಕೊಳ್ಳಬೇಡಿ. ಹಿಂದೆ ಹಾಗೆ ಇತ್ತು. ಈಗ ಬಹಳಷ್ಟು ಕಾಲೇಜುಗಳು ಗೂಗಲ್‌ನ ವರ್ಕ್‌ಸ್ಪೇಸ್ ಫಾರ್ ಎಜುಕೇಶನ್ ಅಥವಾ ಮೈಕ್ರೋಸಾಫ್ಟ್ 365 ತಗೊಂಡಿರುತ್ತವೆ. ಹಳ್ಳಿಗಳಲ್ಲಿ ಮೊದಲು ಕಾಗದದ ಮೇಲೆ 'ಕೇರಾಫ್ ಶೆಟ್ಟರ ಅಂಗಡಿ' ಅಂತ ಬರೆಯುತ್ತಿದ್ದರಲ್ಲ, ಹಾಗೆಯೇ ಇದು. ಕಾಲೇಜಿನ ಡೊಮೇನಿನಲ್ಲಿ, ಅಂದರೆ @ ಆದಮೇಲೆ ಬರುವ ಆ ಹೆಸರಿನ ದಾಖಲೆಯಲ್ಲಿ, ಎಂಎಕ್ಸ್ ರೆಕಾರ್ಡ್ ಅಂತ ಒಂದು ಸಾಲು ಇರುತ್ತದೆ. 'ನಮ್ಮ ಹೆಸರಿಗೆ ಬಂದ ಕಾಗದವನ್ನೆಲ್ಲ ಗೂಗಲ್ ಅಂಗಡಿಯಲ್ಲಿ ಕೊಟ್ಟುಬಿಡಿ' ಅಂತ ಅದರ ಅರ್ಥ. ಅದಕ್ಕೇ ನಿಮ್ಮ ಕಾಲೇಜ್ ಮೇಲ್ ತೆರೆದರೆ ಜಿಮೇಲ್ ಥರವೇ ಕಾಣುತ್ತದೆ.

ಆದರೆ ಅದು ಜಿಮೇಲ್ ಅಲ್ಲ. ಒಂದು ಚಿಕ್ಕ ವ್ಯತ್ಯಾಸ ಹೇಳುತ್ತೇನೆ, ಇದರಿಂದಲೇ ಎಷ್ಟೋ ಮೇಲ್ ವಾಪಸ್ ಬಂದಿದ್ದನ್ನು ನೋಡಿದ್ದೇನೆ. ಸಾದಾ ಜಿಮೇಲ್‌ನಲ್ಲಿ ಹೆಸರಿನ ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಒಂದೇ. ಎಲ್ಲವೂ ನಿಮಗೇ ಬರುತ್ತದೆ. ಕಾಲೇಜಿನ ಐಡಿಯಲ್ಲಿ ಚುಕ್ಕೆಗೆ ಬೆಲೆ ಇದೆ. ಚುಕ್ಕೆ ಇರುವ ಐಡಿ ಬೇರೆ, ಇಲ್ಲದ ಐಡಿ ಬೇರೆ. ರೆಸ್ಯೂಮ್‌ನಲ್ಲಿ ಒಂದು ಚುಕ್ಕೆ ಮರೆತರೆ ಮೇಲ್ ಬರುವುದಿಲ್ಲ, ಅಥವಾ ಇನ್ನೊಬ್ಬರಿಗೆ ಹೋಗುತ್ತದೆ.

ಐಡಿಯಲ್ಲಿ ಹೆಸರು ಇರಬೇಕೋ ಯುಎಸ್‌ಎನ್ ಇರಬೇಕೋ ಅನ್ನುವುದು ಕಾಲೇಜಿನ ಇಷ್ಟ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳಿಗೆ ಯುಎಸ್‌ಎನ್ ಬಾಯಿಪಾಠ ಇರುತ್ತದೆ. ಮೊದಲು ಪ್ರಾಂತ್ಯದ ಅಂಕಿ, ಬೆಂಗಳೂರಿಗೆ 1, ಬೆಳಗಾವಿಗೆ 2, ಕಲಬುರಗಿಗೆ 3, ಮೈಸೂರಿಗೆ 4. ಆಮೇಲೆ ಕಾಲೇಜಿನ ಎರಡು ಅಕ್ಷರ, ಸೇರಿದ ವರ್ಷ, ಬ್ರ್ಯಾಂಚು, ಕೊನೆಗೆ ಮೂರು ಅಂಕಿ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ ಆ ಮೂರು ಅಂಕಿ 400ರಿಂದ ಶುರು. ನೋಡಲು ಚೆನ್ನಾಗಿಲ್ಲ ಅಂತ ಎಲ್ಲರೂ ಗೊಣಗುತ್ತಾರೆ. ನನಗೆ ಮಾತ್ರ ಯುಎಸ್‌ಎನ್ ಐಡಿಯೇ ಇಷ್ಟ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ವಾರ್ಡನ್ ಹತ್ತಿರ ಇನ್ನೊಂದು ಕೀಲಿ

ಹಾಸ್ಟೆಲ್ ರೂಮು ಇದ್ದ ಹಾಗೆ ಈ ಅಕೌಂಟು. ರೂಮು ನಿಮ್ಮದೇ, ಬೀಗ ನಿಮ್ಮದೇ, ನೀವು ಇಲ್ಲದಾಗ ಯಾರೂ ಸುಮ್ನೆ ಒಳಗೆ ಬರುವುದಿಲ್ಲ. ಆದರೆ ಇನ್ನೊಂದು ಕೀಲಿ ವಾರ್ಡನ್ ಹತ್ತಿರ ಇದ್ದೇ ಇರುತ್ತದೆ.

ಆ ಕೀಲಿಯಿಂದ ಏನೇನು ಕಾಣುತ್ತದೆ? ನಾನೇ ಆ ಕುರ್ಚಿಯಲ್ಲಿ ಕೂತಿದ್ದರಿಂದ ಹೇಳಬಲ್ಲೆ. ಅಡ್ಮಿನ್ ಕನ್ಸೋಲ್ ಅಂತ ಒಂದು ಪುಟ. ಅದರಲ್ಲಿ ನಿಮ್ಮ ಐಡಿ ಹಾಕಿದರೆ ನೀವು ಕೊನೆಯ ಬಾರಿ ಯಾವಾಗ ಲಾಗಿನ್ ಆದಿರಿ, ಎಷ್ಟು ಜಾಗ ತುಂಬಿಸಿದ್ದೀರಿ ಅಂತ ಕಾಣುತ್ತದೆ. ಮೇಲ್ ಲಾಗ್ ಬೇರೆ. ಅಲ್ಲಿ ಯಾರಿಂದ, ಯಾರಿಗೆ, ಯಾವ ಸಬ್ಜೆಕ್ಟು, ಎಷ್ಟು ಗಂಟೆಗೆ, ತಲುಪಿತೋ ಸ್ಪ್ಯಾಮ್‌ಗೆ ಹೋಯಿತೋ ಅಂತ ಸಾಲು ಸಾಲಾಗಿ ಬರುತ್ತದೆ. ಮೇಲ್ ಒಳಗಿನ ಮಾತು ಆ ಪುಟದಲ್ಲಿ ಇರುವುದಿಲ್ಲ. ಒಳಗಿನದ್ದು ಬೇಕು ಅಂದರೆ ವಾಲ್ಟ್ ಅಂತ ಬೇರೆ ಸಾಧನ ಇದೆ. ಅದರ ಅನುಮತಿ ಇರುವವರು ಮೇಲ್ ಹುಡುಕಿ ಹೊರಗೆ ತೆಗೆಯಬಹುದು. ಕಾಲೇಜು ಹಾಗೆ ಸೆಟ್ ಮಾಡಿಟ್ಟಿದ್ದರೆ ನೀವು ಡಿಲೀಟ್ ಮಾಡಿದ್ದು ಕೂಡ ಸಿಗುತ್ತದೆ.

ಹಾಗಂತ ಯಾರೋ ಕೂತು ನಿಮ್ಮ ಮೇಲ್ ಓದುತ್ತಿರುತ್ತಾರೆ ಅಂತಲ್ಲ. ಐದು ಸಾವಿರ ಜನರ ಮೇಲ್ ಓದುವ ಪುರುಸೊತ್ತು ಯಾರಿಗಿದೆ? ನಮಗೆ ಊಟಕ್ಕೆ ಎದ್ದು ಹೋಗಲೂ ಆಗುತ್ತಿರಲಿಲ್ಲ. ಆದರೆ ರ್‍ಯಾಗಿಂಗ್ ದೂರೋ, ಪರೀಕ್ಷೆಯ ಗಲಾಟೆಯೋ ಆದಾಗ ತೆಗೆಯಬಹುದು. ಅದು ಅವರ ಹಕ್ಕು. ಅಕೌಂಟು ಕೊಡುವಾಗ ನೀವು ಓದದೆ ಒಪ್ಪಿಗೆ ಒತ್ತಿದ ನಿಯಮದಲ್ಲಿ ಅದು ಇರುತ್ತದೆ. ಗೆಳತಿಗೆ ಬರೆಯುವ ಪತ್ರ, ಡಾಕ್ಟರ ರಿಪೋರ್ಟು, ಮನೆ ಜಗಳ, ಇವಕ್ಕೆ ನಿಮ್ಮ ಸ್ವಂತ ಮೇಲ್ ಇದೆಯಲ್ಲ, ಅದನ್ನು ಬಳಸಿ.

ಒಂದು ವಿಷಯ ಮಾತ್ರ ಅಡ್ಮಿನ್‌ಗೂ ಕಾಣುವುದಿಲ್ಲ. ಅದು ನಿಮ್ಮ ಪಾಸ್‌ವರ್ಡು. 'ಸರ್, ನನ್ನ ಹಳೇ ಪಾಸ್‌ವರ್ಡ್ ಏನಿತ್ತು ಅಂತ ಒಂಚೂರು ನೋಡಿ ಹೇಳಿ' ಅಂತ ವಾರಕ್ಕೆ ಒಬ್ಬರಾದರೂ ಕೇಳುತ್ತಿದ್ದರು. ನೋಡಲು ಆಗುವುದೇ ಇಲ್ಲ. ಹೊಸದನ್ನು ಹಾಕಿಕೊಡಬಹುದು ಅಷ್ಟೇ. ಹಾಗಾಗಿ ನಿಮ್ಮ ಪಾಸ್‌ವರ್ಡ್ ಹೇಳಿ, ಚೆಕ್ ಮಾಡಬೇಕು ಅಂತ ಯಾರಾದರೂ ಫೋನ್ ಮಾಡಿದರೆ ಅವರು ಕಾಲೇಜಿನವರಲ್ಲ. ಕಾಲೇಜಿನವರಿಗೆ ಅದು ಬೇಕಾಗುವುದೇ ಇಲ್ಲ.

ಫೋನಿಗೆ ಹಾಕುವಾಗ

ಐಡಿ ಸಿಕ್ಕ ದಿನವೇ ಫೋನಿನ ಜಿಮೇಲ್ ಆ್ಯಪ್‌ಗೆ ಎರಡನೇ ಅಕೌಂಟಾಗಿ ಸೇರಿಸಿ, ನೋಟಿಫಿಕೇಶನ್ ಆನ್ ಮಾಡಿ. ಇಷ್ಟು ಮಾಡಿದರೆ ಆಫರ್ ಲೆಟರ್ ಹುಡುಗನ ಕಥೆ ನಿಮ್ಮದಾಗುವುದಿಲ್ಲ. ಎರಡು ಹಂತದ ಲಾಗಿನ್ ಆನ್ ಮಾಡಿ. ಆಗ ಹತ್ತು ಬ್ಯಾಕಪ್ ಕೋಡ್ ಕೊಡುತ್ತಾರೆ, ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಲ್ಲಿ ಬರೆದಿಡಿ. ಬಸ್ಸಿನಲ್ಲಿ ಫೋನ್ ಕಳಕೊಂಡ ದಿನ ಬೇಕಾಗುತ್ತದೆ.

ಫೋನಿನಲ್ಲಿ ಒಂದು ಹಳ್ಳ ಇದೆ, ಬಹಳ ಜನ ಬೀಳುತ್ತಾರೆ. ಅಕೌಂಟ್ ಸೇರಿಸಿದ ಕೂಡಲೇ ಗೂಗಲ್ ಫೋಟೋಸ್ ತೆರೆದು ಮೇಲೆ ಬಲಗಡೆ ಇರುವ ಚಿಕ್ಕ ಗುಂಡನೆಯ ಚಿತ್ರ ನೋಡಿ. ಅಲ್ಲಿ ಕಾಲೇಜಿನ ಐಡಿ ಬಂದಿದೆಯಾ? ಬಂದಿದ್ದು ಬ್ಯಾಕಪ್ ಆನ್ ಆಗಿದ್ದರೆ ನೀವು ತೆಗೆಯುವ ಒಂದೊಂದು ಫೋಟೋನೂ ಕಾಲೇಜಿನ ಅಕೌಂಟಿಗೆ ಹೋಗುತ್ತಿದೆ ಅಂತ ಅರ್ಥ. ಅಕ್ಕನ ಮದುವೆ, ಜೋಗದ ಟ್ರಿಪ್ಪು, ಅಜ್ಜಿಯ ಕೊನೆಯ ಫೋಟೋ, ಎಲ್ಲ. ಕಾಲೇಜು ಮುಗಿದ ಮೇಲೆ ಅದರ ಜೊತೆಗೇ ಹೋಗುತ್ತದೆ. ವಾಟ್ಸ್‌ಆ್ಯಪ್ ಬ್ಯಾಕಪ್ ಯಾವ ಅಕೌಂಟಿಗೆ ಹೋಗುತ್ತಿದೆ, ಫೋನಿನ ಕಾಂಟ್ಯಾಕ್ಟುಗಳು ಎಲ್ಲಿ ಸೇವ್ ಆಗುತ್ತಿವೆ ಅಂತಾನೂ ಇವತ್ತೇ ನೋಡಿಕೊಳ್ಳಿ. ಹೊಸ ನಂಬರ್ ಸೇವ್ ಮಾಡುವಾಗ 'ಸೇವ್ ಟು' ಅಂತ ಒಂದು ಸಾಲು ಬರುತ್ತದಲ್ಲ, ನಾವು ಅದನ್ನು ನೋಡುವುದೇ ಇಲ್ಲ.

ಇನ್ನು ಲ್ಯಾಬಿನ ಕಂಪ್ಯೂಟರು. ಲಾಗೌಟ್ ಮಾಡದೆ ಎದ್ದು ಹೋಗುವವರು ಎಲ್ಲ ಬ್ಯಾಚಿನಲ್ಲೂ ಇರುತ್ತಾರೆ, ಮುಂದಿನ ಬ್ಯಾಚಿನ ತರಲೆ ಒಬ್ಬ ಅವರ ಹೆಸರಿನಲ್ಲಿ ಎಚ್‌ಒಡಿಗೆ ಏನೋ ಕಳಿಸಿಬಿಡುತ್ತಾನೆ. ಮರೆತು ಬಂದಿದ್ದರೆ ಹೆದರಬೇಡಿ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ತೀರಾ ಕೆಳಗೆ ಬಲಮೂಲೆಗೆ ಹೋಗಿ, ಅಲ್ಲಿ 'ಡೀಟೇಲ್ಸ್' ಅಂತ ಸಣ್ಣ ಅಕ್ಷರದಲ್ಲಿದೆ. ಒತ್ತಿದರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುತ್ತದೆ, ಬೇರೆ ಕಡೆಯ ಬ್ರೌಸರುಗಳಿಂದ ಅಲ್ಲಿಂದಲೇ ಹೊರಗೆ ಬರಬಹುದು.

ಜಾಗ ಯಾಕೆ ಕಮ್ಮಿ ಆಯ್ತು

'ನಮ್ಮ ಅಣ್ಣನ ಕಾಲದಲ್ಲಿ ಅನ್‌ಲಿಮಿಟೆಡ್ ಇತ್ತು, ನಮಗೆ ಮಾತ್ರ ಯಾಕೆ ಇಷ್ಟೇ?' ಅಂತ ಕೇಳುತ್ತಾರೆ. ನಿಜ, ಇತ್ತು. ಗೂಗಲ್ ಮೊದಲು ಕಾಲೇಜುಗಳಿಗೆ ಲೆಕ್ಕವಿಲ್ಲದಷ್ಟು ಜಾಗ ಕೊಟ್ಟಿತ್ತು. ಜನ ಸಿನಿಮಾ ಸೀರೀಸೆಲ್ಲ ತಂದು ಸುರಿದರು. 2021ರಲ್ಲಿ ನಿಯಮ ಬದಲಾಯಿಸುತ್ತೇವೆ ಅಂತ ಹೇಳಿ, 2022ರಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ಮಾಡಿದರು. ದೊಡ್ಡ ಸಂಖ್ಯೆ ಅನಿಸುತ್ತದೆ ಅಲ್ವಾ? ಐದು ಸಾವಿರ ವಿದ್ಯಾರ್ಥಿಗಳಿಗೆ ಹಂಚಿ ನೋಡಿ, ತಲೆಗೆ ಸುಮಾರು 20 ಜಿಬಿ. ಅದರಲ್ಲೇ ಮೇಷ್ಟ್ರುಗಳ ರೆಕಾರ್ಡ್ ಮಾಡಿದ ಕ್ಲಾಸು, ಆಫೀಸಿನ ಫೈಲು, ಹಳೇ ಬ್ಯಾಚಿನವರು ಬಿಟ್ಟುಹೋದ ರಾಶಿ. ಮೈಕ್ರೋಸಾಫ್ಟ್ ಕೂಡ ಆಮೇಲೆ ಇದೇ ದಾರಿ ಹಿಡಿಯಿತು. ಹಾಗಾಗಿ ಕಾಲೇಜುಗಳು ಒಬ್ಬೊಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿವೆ. ಮುಗಿಸಿ ಹೋದವರ ಅಕೌಂಟುಗಳನ್ನು ಬೇಗ ಅಳಿಸುವುದಕ್ಕೂ ಇದೊಂದು ದೊಡ್ಡ ಕಾರಣ.

ಇದರಿಂದ ಸಿಗುವುದೇನು

ಇಷ್ಟೆಲ್ಲ ಹೇಳಿದ್ದು ಕೇಳಿ ಹಾಗಾದರೆ ಬಳಸುವುದೇ ಬೇಡ ಅಂದುಕೊಂಡರೆ ನಷ್ಟ ನಿಮಗೇ. ಈ ಐಡಿ ತೋರಿಸಿದರೆ ಬೇರೆಯವರು ದುಡ್ಡು ಕೊಟ್ಟು ತಗೊಳ್ಳುವ ಎಷ್ಟೋ ಸಾಮಾನು ಬಿಟ್ಟಿ ಸಿಗುತ್ತದೆ. ಕೋಡಿಂಗ್ ಮಾಡುವವರಿಗೆ ಗಿಟ್‌ಹಬ್‌ನ ಸ್ಟೂಡೆಂಟ್ ಡೆವಲಪರ್ ಪ್ಯಾಕ್ ಇದೆ, ಕೆಲವು ಸಲ ಮೇಲ್ ಐಡಿ ಜೊತೆ ಐಡಿ ಕಾರ್ಡಿನ ಫೋಟೋ ಕೂಡ ಕೇಳುತ್ತಾರೆ. ಜೆಟ್‌ಬ್ರೇನ್ಸ್ ಕಂಪನಿ ಕೋಡ್ ಬರೆಯುವ ತನ್ನ ಸಾಧನಗಳನ್ನು ವಿದ್ಯಾರ್ಥಿಗಳಿಗೆ ಪುಕ್ಕಟೆ ಕೊಡುತ್ತದೆ, ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಡ್ರಾಯಿಂಗ್ ಮಾಡುವ ಆಟೋಡೆಸ್ಕ್ ಸಾಫ್ಟ್‌ವೇರ್ ಹಾಗೇ. ಲೆಕ್ಕಾಚಾರದ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಲೈಸೆನ್ಸನ್ನು ಕಾಲೇಜು ತಗೊಂಡಿದ್ದರೆ ಈ ಐಡಿಯಿಂದಲೇ ನಿಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬಹುದು. ತಗೊಂಡಿದೆಯೋ ಇಲ್ಲವೋ ಅಂತ ಲೈಬ್ರರಿಯಲ್ಲೋ ಡಿಪಾರ್ಟ್‌ಮೆಂಟಿನಲ್ಲೋ ಕೇಳಿ. ತಗೊಂಡಿರುತ್ತಾರೆ, ಯಾರಿಗೂ ಹೇಳಿರುವುದಿಲ್ಲ. ಇದನ್ನು ನಾನು ನೋಡಿಯೇ ಹೇಳುತ್ತಿದ್ದೇನೆ.

ಎಂ.ಟೆಕ್, ಪಿಎಚ್‌ಡಿ ಮಾಡುವವರಿಗೆ ಇನ್ನೂ ದೊಡ್ಡದು ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು (ಸಂಶೋಧನಾ ಪತ್ರಿಕೆಗಳು), 6,300 ಸಂಸ್ಥೆಗಳು. ಅದರಲ್ಲಿ ಸೇರಿರುವುದು ಸರ್ಕಾರಿ ಸಂಸ್ಥೆಗಳು, ಖಾಸಗಿ ಕಾಲೇಜಿನವರಿಗೆ ಇದರಲ್ಲಿ ಪಾಲಿಲ್ಲ. ಕ್ಯಾಂಪಸ್ಸಿನ ವೈಫೈಯಲ್ಲಿ ಕೂತರೆ ಜರ್ನಲ್ ತಾನಾಗಿ ತೆರೆಯುತ್ತದೆ. ಏಕೆಂದರೆ ಪ್ರಕಾಶಕರು ಕಾಲೇಜಿನ ಐಪಿ ವಿಳಾಸ, ಅಂದರೆ ಅದರ ಇಂಟರ್ನೆಟ್ ಸಂಪರ್ಕದ ಸಂಖ್ಯೆ, ನೋಡಿ ಬಾಗಿಲು ತೆರೆಯುತ್ತಾರೆ. ಮನೆಗೆ ಬಂದರೆ 'ಈ ಲೇಖನಕ್ಕೆ ಇಷ್ಟು ಡಾಲರ್' ಅಂತ ಕೇಳುತ್ತದೆ. ಮನೆಯಿಂದಲೂ ಓದಲು ಇನ್‌ಫೆಡ್ ಅಂತ ಒಂದು ವ್ಯವಸ್ಥೆ ಇದೆ, ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುತ್ತದೆ. ನಿಮ್ಮ ಸಂಸ್ಥೆ ಅದಕ್ಕೆ ಸೇರಿದ್ದರೆ ಲೈಬ್ರರಿಯವರು ಲಾಗಿನ್ ಮಾಡಿಕೊಡುತ್ತಾರೆ, ಅದಕ್ಕೆ ಕೇಳುವುದು ಈ ಕಾಲೇಜಿನ ಮೇಲ್ ಐಡಿಯನ್ನೇ.

ಮೇಷ್ಟ್ರಿಗೆ ಬರೆಯುವಾಗ

ರಾತ್ರಿ 11:58ಕ್ಕೆ ಸಬ್ಜೆಕ್ಟೇ ಇಲ್ಲದ ಒಂದು ಮೇಲ್ ಬರುತ್ತದೆ. ಒಳಗೆ 'ಸರ್ ಪಿಎಫ್‌ಎ' (ಲಗತ್ತಿಸಿದ್ದನ್ನು ನೋಡಿ) ಅಂತ ಮಾತ್ರ. ಕಳಿಸಿದವರ ಐಡಿ 'ಕೂಲ್ ಬಾಯ್' ಅಂತ ಶುರುವಾಗುವ ಪಿಯುಸಿ ಕಾಲದ ಜಿಮೇಲ್. ಅಟ್ಯಾಚ್‌ಮೆಂಟಿನ ಹೆಸರು 'ಡಾಕ್ಯುಮೆಂಟ್ 1 ಫೈನಲ್ ಫೈನಲ್'. ಎರಡು ಸೆಕ್ಷನ್, 120 ಮಕ್ಕಳಿಗೆ ಪಾಠ ಮಾಡುವ ಮೇಡಂ ಇದನ್ನು ಯಾರ ಲೆಕ್ಕಕ್ಕೆ ಹಾಕಬೇಕು?

ಕಾಲೇಜಿನ ಐಡಿಯಿಂದ ಕಳಿಸಿದರೆ ಅರ್ಧ ಕೆಲಸ ಅಲ್ಲೇ ಆಯಿತು. ಹೆಸರು, ಯುಎಸ್‌ಎನ್ ತಾನಾಗಿ ಕಾಣುತ್ತದೆ, ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆಯೂ ಕಮ್ಮಿ. ಉಳಿದ ಅರ್ಧಕ್ಕೆ ಹೀಗೆ ಬರೆಯಿರಿ ಸಾಕು:

'ವಿಷಯ: ಡಿಬಿಎಂಎಸ್ ಮಿನಿ ಪ್ರಾಜೆಕ್ಟ್ ರಿಪೋರ್ಟ್, ಬಿ ಸೆಕ್ಷನ್, ಟೀಮ್ 7. ನಮಸ್ಕಾರ ಮೇಡಂ, ರಿಪೋರ್ಟ್ ಲಗತ್ತಿಸಿದ್ದೇವೆ. ನೀವು ಶುಕ್ರವಾರ ಹೇಳಿದ ಇಆರ್ ಡಯಾಗ್ರಾಮ್ ಸರಿಪಡಿಸಿದ್ದೇವೆ, ಪುಟ 6ರಲ್ಲಿದೆ. ಡೆಮೊಗೆ ಸೋಮವಾರ ಬರಬಹುದಾ?'

ಇಂಗ್ಲಿಷಿನಲ್ಲಿ ಬರೆದರೂ ಇಷ್ಟೇ. ದೊಡ್ಡ ದೊಡ್ಡ ಪದಗಳ ಪೀಠಿಕೆ ಬೇಡ. ಫೈಲು 25 ಎಂಬಿ ದಾಟಿದರೆ ಜಿಮೇಲ್ ಅದನ್ನು ಡ್ರೈವ್ ಲಿಂಕಾಗಿ ಕಳಿಸುತ್ತದೆ. ಆ ಲಿಂಕಿಗೆ ಮೇಡಂಗೆ ಅನುಮತಿ ಕೊಟ್ಟಿದ್ದೀರಾ ಅಂತ ನೋಡಿ. 'ರಿಕ್ವೆಸ್ಟ್ ಆ್ಯಕ್ಸೆಸ್' ಅಂತ ಬಂದರೆ ಅವರು ನಾಳೆ ನೋಡೋಣ ಅಂತ ಮುಚ್ಚಿಬಿಡುತ್ತಾರೆ. ಸೆಟ್ಟಿಂಗ್ಸಿನಲ್ಲಿ 'ಅನ್‌ಡು ಸೆಂಡ್' 5 ಸೆಕೆಂಡಿಗೆ ಇರುತ್ತದೆ, ಅದನ್ನು 30ಕ್ಕೆ ಏರಿಸಿಕೊಳ್ಳಿ. ತಪ್ಪು ಕಣ್ಣಿಗೆ ಬೀಳುವುದು ಸೆಂಡ್ ಒತ್ತಿದ ಮೇಲೇ ತಾನೇ.

ರಿಪ್ಲೈ ಆಲ್ ಬಗ್ಗೆ ಒಂದೇ ಮಾತು. ಬ್ಯಾಚಿಗೆಲ್ಲ ಸೇರಿ ಒಂದು ಗುಂಪಿನ ವಿಳಾಸ ಇರುತ್ತದೆ. ಅದಕ್ಕೆ ಒಬ್ಬ 'ಥ್ಯಾಂಕ್ಯೂ ಸರ್' ಅಂತ ರಿಪ್ಲೈ ಆಲ್ ಮಾಡಿದ. ಇನ್ನೊಬ್ಬ 'ಎಲ್ಲರಿಗೂ ಕಳಿಸಬೇಡ' ಅಂತ ಎಲ್ಲರಿಗೂ ಕಳಿಸಿದ. ಅವತ್ತು ಸಂಜೆವರೆಗೂ ಎಲ್ಲರ ಫೋನು ಟಿಂಗ್ ಟಿಂಗ್ ಅಂತಲೇ ಇತ್ತು.

ಒಳಗಿನವರ ಹೆಸರಲ್ಲಿ ಬರುವ ಮೋಸ

ಸೈಬರ್ ಮೋಸದ ಬಗ್ಗೆ ಕೇಳಿ ಕೇಳಿ ಕಿವಿ ತೂತಾಗಿದೆ, ಗೊತ್ತು. ಆದರೆ ಕಾಲೇಜಿನ ಮೇಲ್‌ನಲ್ಲಿ ಬರುವುದಕ್ಕೆ ಬೇರೆಯದೇ ರುಚಿ ಇದೆ. ಇಲ್ಲಿ ಮೋಸದ ಮೇಲ್ ಹೊರಗಿನವರಿಂದ ಬರಬೇಕಂತಿಲ್ಲ, ನಿಮ್ಮ ಸೀನಿಯರ್ ಐಡಿಯಿಂದಲೇ ಬರಬಹುದು.

ಹೇಗೆ ಅಂತ ಹೇಳುತ್ತೇನೆ. ಕಾಲೇಜಿನ ಡೊಮೇನಿನಲ್ಲಿ ಎರಡು ಕಾವಲು ಇರುತ್ತವೆ. ಎಸ್‌ಪಿಎಫ್ ಅಂದರೆ ನಮ್ಮ ಹೆಸರಲ್ಲಿ ಮೇಲ್ ಕಳಿಸುವ ಹಕ್ಕು ಇಂಥಿಂಥ ಸರ್ವರುಗಳಿಗೆ ಮಾತ್ರ ಅನ್ನುವ ಪಟ್ಟಿ. ಡಿಕೆಐಎಂ ಅಂದರೆ ಮೇಲ್ ಮೇಲೆ ಒತ್ತುವ ಸೀಲು, ದಾರಿಯಲ್ಲಿ ಯಾರಾದರೂ ತಿದ್ದಿದರೆ ಸೀಲು ಒಡೆಯುತ್ತದೆ. ಇವು ಸರಿಯಾಗಿದ್ದರೆ ಹೊರಗಿನವರು ಪ್ರಿನ್ಸಿಪಾಲ್ ಐಡಿ ಹಾಕಿಕೊಂಡು ಮೇಲ್ ಕಳಿಸುವುದು ಕಷ್ಟ. ಆದರೆ ಒಬ್ಬ ವಿದ್ಯಾರ್ಥಿಯ ಪಾಸ್‌ವರ್ಡ್ ಕದ್ದು ಒಳಗೇ ಬಂದವನಿಗೆ? ಪಟ್ಟಿಯೂ ಸರಿ, ಸೀಲೂ ಸರಿ. ಕಾವಲುಗಾರ ಸಲಾಂ ಹೊಡೆದು ಬಿಡುತ್ತಾನೆ.

ನಮ್ಮಲ್ಲಿ ಹೀಗೆ ಆಗಿತ್ತು. ಒಬ್ಬ ಹುಡುಗಿಯ ಐಡಿಯಿಂದ ಇಡೀ ಕಾಲೇಜಿಗೆ 'ವರ್ಕ್ ಫ್ರಮ್ ಹೋಮ್ ಇಂಟರ್ನ್‌ಶಿಪ್, ತಿಂಗಳಿಗೆ ಹದಿನೈದು ಸಾವಿರ' ಅಂತ ಮೇಲ್ ಹೋಗುತ್ತಿತ್ತು. ದಿನಕ್ಕೆ 2,000 ಮೇಲ್‌ನ ಮಿತಿ ಮುಟ್ಟಿ ಗೂಗಲ್ಲೇ ಅದನ್ನು ನಿಲ್ಲಿಸಿತ್ತು. ಪಾಪ ಆ ಹುಡುಗಿಗೆ ಗೊತ್ತೇ ಇಲ್ಲ. ನಾವು ಕೇಳಿದಾಗ ನೆನಪಾಯಿತು, ನಾಲ್ಕು ದಿನದ ಹಿಂದೆ 'ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಐಡಿ ಪಾಸ್‌ವರ್ಡ್ ತುಂಬಿ' ಅಂತ ಒಂದು ಗೂಗಲ್ ಫಾರ್ಮ್ ಬಂದಿತ್ತಂತೆ, ಮೇಲೆ ಕಾಲೇಜಿನ ಲೋಗೋ ಇತ್ತಂತೆ. ಲೋಗೋ ಯಾರು ಬೇಕಾದರೂ ಹಾಕಬಹುದು. ಆದರೆ ಗೂಗಲ್ ಫಾರ್ಮಿನ ತಳದಲ್ಲಿ ಸಣ್ಣದಾಗಿ 'ಗೂಗಲ್ ಫಾರ್ಮ್ ಮೂಲಕ ಎಂದೂ ಪಾಸ್‌ವರ್ಡ್ ಕೊಡಬೇಡಿ' ಅಂತ ಗೂಗಲ್ಲೇ ಬರೆದಿರುತ್ತದೆ. ಅಲ್ಲಿವರೆಗೆ ಯಾರು ಓದುತ್ತಾರೆ ಹೇಳಿ.

ಆ ಇಂಟರ್ನ್‌ಶಿಪ್ ಮೇಲ್ ನಂಬಿ ಇಬ್ಬರು ರಿಜಿಸ್ಟ್ರೇಶನ್ ಫೀಸು ಅಂತ ದುಡ್ಡು ಹಾಕಿದ್ದರು. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ದುಡ್ಡು ಹೋದರೆ ಆ ಕ್ಷಣವೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಯಲ್ಲಿ ಬೈತಾರೆ ಅಂತ ಎರಡು ದಿನ ಮುಚ್ಚಿಟ್ಟರೆ ದುಡ್ಡು ಅಷ್ಟರಲ್ಲಿ ಹತ್ತು ಅಕೌಂಟು ದಾಟಿರುತ್ತದೆ.

ಈ ಐಡಿ ಎಲ್ಲಿ ಕೊಡಬಾರದು

ನಾಲ್ಕು ವರ್ಷಕ್ಕಿಂತ ಜಾಸ್ತಿ ಬಾಳುವ ಯಾವುದಕ್ಕೂ ಕೊಡಬೇಡಿ. ಬ್ಯಾಂಕು, ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಡಿಜಿಲಾಕರ್, ಇವೆಲ್ಲ ಸ್ವಂತ ಮೇಲ್‌ಗೆ. ಸ್ಕಾಲರ್‌ಶಿಪ್ಪಿಗೂ ಅದೇ. ಗೇಟ್ ಪರೀಕ್ಷೆ ನೋಡಿ: ಫೈನಲ್ ಇಯರ್‌ನಲ್ಲಿ ಬರೆಯುತ್ತೀರಿ, ಅದರ ಸ್ಕೋರು ಮೂರು ವರ್ಷ ನಡೆಯುತ್ತದೆ. ನಿಮ್ಮ ಕಾಲೇಜ್ ಐಡಿ ಮೂರು ತಿಂಗಳು ನಡೆದರೆ ದೊಡ್ಡದು. ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕುವವರಿಗೂ ಇದೇ ಮಾತು. ಅಡ್ಮಿಷನ್ ನಿರ್ಧಾರ ಬರುವುದು, ವೀಸಾ ಕಾಗದ ಬರುವುದು ನೀವು ಇಲ್ಲಿಂದ ಹೊರಟ ಸಮಯದಲ್ಲೇ.

ಇನ್ನೊಂದು ಕಣ್ಣಿಗೆ ಬೀಳದ ಜಾಗ, 'ಗೂಗಲ್‌ನಿಂದ ಲಾಗಿನ್ ಆಗಿ' ಅನ್ನುವ ಬಟನ್ನು. ಅವಸರದಲ್ಲಿ ಅದನ್ನು ಒತ್ತಿ, ಬಂದ ಎರಡು ಐಡಿಗಳಲ್ಲಿ ಕಾಲೇಜಿನದ್ದನ್ನು ಆರಿಸಿರುತ್ತೀರಿ. ಲಿಂಕ್ಡ್‌ಇನ್, ಗಿಟ್‌ಹಬ್, ಕೋರ್ಸಿನ ಸರ್ಟಿಫಿಕೇಟು, ಎಲ್ಲ ಅದಕ್ಕೆ ಕಟ್ಟಿಕೊಂಡಿರುತ್ತವೆ. ಗಿಟ್‌ಹಬ್‌ನಲ್ಲಿ ಸ್ವಂತ ಮೇಲ್‌ನಿಂದ ಅಕೌಂಟ್ ಮಾಡಿ ಕಾಲೇಜಿನ ಐಡಿಯನ್ನು ಎರಡನೆಯದಾಗಿ ಸೇರಿಸಬಹುದು, ವಿದ್ಯಾರ್ಥಿ ಸೌಲಭ್ಯವೂ ಸಿಗುತ್ತದೆ, ಅಕೌಂಟೂ ಉಳಿಯುತ್ತದೆ. ಲಿಂಕ್ಡ್‌ಇನ್‌ಗೂ ಎರಡು ಮೇಲ್ ಹಾಕಬಹುದು.

ಹೋಗುವ ಮುಂಚೆ

ಕೋರ್ಸು ಮುಗಿದ ಮೇಲೆ ಅಕೌಂಟು ಎಷ್ಟು ದಿನ ಇರುತ್ತದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ. ಕೆಲವರು ಹಳೇ ವಿದ್ಯಾರ್ಥಿಗಳಿಗೂ ಬಿಡುತ್ತಾರೆ, ಕೆಲವರು ರಿಸಲ್ಟ್ ಬಂದ ತಿಂಗಳಲ್ಲೇ ತೆಗೆಯುತ್ತಾರೆ. ಏಳನೇ ಸೆಮ್‌ನಲ್ಲೇ ಕೇಳಿಟ್ಟುಕೊಳ್ಳಿ. ಅಡ್ಮಿನ್ ಡಿಲೀಟ್ ಒತ್ತಿದ ಮೇಲೆ 20 ದಿನದೊಳಗೆ ಮಾತ್ರ ವಾಪಸ್ ತರಬಹುದು. 21ನೇ ದಿನ ಕಾಲು ಹಿಡಿದರೂ ಆಗುವುದಿಲ್ಲ. ಒಬ್ಬಳು ಬಂದಿದ್ದಳು, ಪ್ರಾಜೆಕ್ಟ್ ರಿಪೋರ್ಟು ಬೇಕಿತ್ತು. ಅವಳ ಅಕೌಂಟು ಇನ್ನೂ ಇತ್ತು, ಫೈಲಿನ ಲಿಂಕೂ ಅವಳ ಹತ್ತಿರ ಇತ್ತು, ಆದರೆ ಫೈಲು ಇರಲಿಲ್ಲ. ಯಾಕೆಂದರೆ ಅದನ್ನು ಶುರು ಮಾಡಿದ್ದು ಟೀಮಿನ ಇನ್ನೊಬ್ಬ, ಮಾಲೀಕ ಅವನು. ಅವನದ್ದು ಡಿಲೀಟ್ ಆದಾಗ ಅವನ ಫೈಲುಗಳೂ ಹೋದವು. ನಾಲ್ಕು ಜನ ಸೇರಿ ಬರೆದಿದ್ದರೂ ಡ್ರೈವ್‌ಗೆ ಮಾಲೀಕ ಒಬ್ಬನೇ. ಕಾಲೇಜಿನ ಅಕೌಂಟಿನ ಫೈಲಿನ ಮಾಲೀಕತ್ವವನ್ನು ನಿಮ್ಮ ಜಿಮೇಲ್‌ಗೆ ವರ್ಗಾಯಿಸಲೂ ಆಗುವುದಿಲ್ಲ, ಕಾಪಿ ಮಾಡಿಕೊಳ್ಳಬೇಕು ಅಷ್ಟೇ.

ಎಲ್ಲವನ್ನೂ ಒಟ್ಟಿಗೆ ಸಾಗಿಸಲು ಗೂಗಲ್ ಟೇಕ್‌ಔಟ್ ಇದೆ. ಅದರಲ್ಲಿ ಎರಡು ದಾರಿ. ಒಂದು, ಎಲ್ಲ ಸೇರಿಸಿ ಜಿಪ್ ಮಾಡಿ ಇಳಿಸಿಕೊಳ್ಳುವುದು. ಇನ್ನೊಂದು, ಶಾಲೆ ಕಾಲೇಜಿನ ಅಕೌಂಟುಗಳಿಗೆ ಅಂತಲೇ ಇರುವ 'ಟ್ರಾನ್ಸ್‌ಫರ್'. ಅದು ಮೇಲ್ ಮತ್ತು ಡ್ರೈವ್ ಫೈಲುಗಳನ್ನು ನೇರವಾಗಿ ನಿಮ್ಮ ಸ್ವಂತ ಜಿಮೇಲ್‌ಗೆ ನಕಲು ಮಾಡುತ್ತದೆ. ಕೆಲವು ಕಾಲೇಜುಗಳು ಇದನ್ನು ಬಂದ್ ಮಾಡಿರುತ್ತವೆ, ಆಗ ಮೊದಲ ದಾರಿ. ಸ್ವಂತ ಜಿಮೇಲ್‌ನಲ್ಲಿ 15 ಜಿಬಿ ಮಾತ್ರ ಬಿಟ್ಟಿ, ಹಾಗಾಗಿ ಮೊದಲು ಕಸ ಗುಡಿಸಿ. ಫೋಟೋ ಟ್ರಾನ್ಸ್‌ಫರ್‌ನಲ್ಲಿ ಬರುವುದಿಲ್ಲ, ಅದನ್ನು ಬೇರೆ ಇಳಿಸಿಕೊಳ್ಳಬೇಕು.

ಕೊನೇ ತಿಂಗಳು 'ವೆಕೇಶನ್ ರೆಸ್ಪಾಂಡರ್' ಆನ್ ಮಾಡಿ, ಅದರಲ್ಲಿ ನಿಮ್ಮ ಹೊಸ ಮೇಲ್ ಐಡಿ ಬರೆದಿಡಿ. ಬರೆದವರಿಗೆಲ್ಲ ತಾನಾಗಿ ಉತ್ತರ ಹೋಗುತ್ತದೆ.

ಈಗ ಯುಎಸ್‌ಎನ್ ವಿಷಯಕ್ಕೆ ಬರುತ್ತೇನೆ. ಹೆಸರಿನ ಐಡಿ ಇದ್ದ ಕಾವ್ಯ ಹೋದಳು, ಅಕೌಂಟು ಅಳಿಸಿದರು. ಎರಡು ವರ್ಷ ಬಿಟ್ಟು ಇನ್ನೊಬ್ಬ ಕಾವ್ಯ ಸೇರಿದಳು, ಅದೇ ಐಡಿ ಖಾಲಿ ಇತ್ತು, ಕೊಟ್ಟರು. ಹಳೇ ಕಾವ್ಯ ಯಾವುದೋ ಶಾಪಿಂಗ್ ಸೈಟಿಗೆ, ಇನ್ನೆಲ್ಲಿಗೋ ಆ ಐಡಿ ಕೊಟ್ಟು ಬದಲಾಯಿಸದೆ ಬಿಟ್ಟಿದ್ದರೆ, 'ಪಾಸ್‌ವರ್ಡ್ ಮರೆತಿದೆ' ಅಂತ ಒತ್ತಿದಾಗ ಬರುವ ಲಿಂಕು ಹೊಸ ಕಾವ್ಯಳ ಇನ್‌ಬಾಕ್ಸಿಗೆ ಬರುತ್ತದೆ. ಯುಎಸ್‌ಎನ್ ಇನ್ನೊಬ್ಬರಿಗೆ ಸಿಗುವುದೇ ಇಲ್ಲ. ನೋಡಲು ಚೆನ್ನಾಗಿಲ್ಲದಿದ್ದರೂ ಅದಕ್ಕೇ ನನಗೆ ಅದು ಇಷ್ಟ.

ಮುಗಿಸುವ ದಿನ 'ನೋ ಡ್ಯೂಸ್' ಫಾರ್ಮ್ ಹಿಡಿದು ಅಲೆಯುತ್ತೀರಲ್ಲ, ಅದರಲ್ಲಿ ಲೈಬ್ರರಿ ಸಹಿ ಇದೆ, ಲ್ಯಾಬ್ ಇದೆ, ಹಾಸ್ಟೆಲ್ ಇದೆ, ಸ್ಪೋರ್ಟ್ಸ್ ಕೂಡ ಇದೆ. ಮೇಲ್‌ಗೆ ಅಂತ ಕಾಲಂ ನಾನೆಲ್ಲೂ ನೋಡಿಲ್ಲ. ಟೇಕ್‌ಔಟ್ ಮುಗಿಯಲು ಕೆಲವು ಗಂಟೆಯೂ ಆಗಬಹುದು, ಕೆಲವು ದಿನವೂ ಆಗಬಹುದು. ಹಾಗಾಗಿ ಮೊದಲು ಅದನ್ನು ಒತ್ತಿ, ಆಮೇಲೆ ಲೈಬ್ರರಿ ಸಹಿಗೆ ಹೊರಡಿ.